ನಾಲ್ಕನೆಯ ತರಗತಿಗೆ ವ್ಯಾಕರಣ, ಬರವಣಿಗೆ, ಕಳೆಯುವ ಲೆಕ್ಕ: ನೀವು ಯಾವ ಸಾಮಗ್ರಿ ಬಳಸುತ್ತೀರಿ?

ಶಿಕ್ಷಕಿ, ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಕನ್ನಡ ಮತ್ತು ಗಣಿತ ಕಲಿಸುತ್ತೇನೆ. ನನ್ನ ತರಗತಿಯ 22 ಮಕ್ಕಳು ಮೂರು ವರ್ಷ ನಲಿ-ಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿ, ಅದರ ಕಾರ್ಡು, ತಟ್ಟೆ, ಗುಂಪುಗಳ ನಡುವೆ ಕಲಿತು, ಈಗ ಪಾಠಪುಸ್ತಕ ಹಿಡಿದು ಸಾಲಾಗಿ ಕುಳಿತಿದ್ದಾರೆ. ಓದುವುದರಲ್ಲಿ ಹೆಚ್ಚಿನವರು ಪರವಾಗಿಲ್ಲ. ಬರೆಯಲು ಕೂತರೆ ಮಾತ್ರ ಆಡುವ ಮಾತು ಹಾಗೆಯೇ ಕಾಗದಕ್ಕೆ ಇಳಿಯುತ್ತದೆ; ನಿನ್ನೆ ಒಂದು ಮಗು "ನಮ್ಮ ಮನ್ಯಾಗ ಎರಡ ಆಕಳ ಅದಾವ" ಎಂದು ಬರೆದಿತ್ತು. ಗಣಿತದಲ್ಲಿ 52ರಿಂದ 27 ಕಳೆಯಲು ಹೇಳಿದರೆ ಅರ್ಧದಷ್ಟು ಮಕ್ಕಳು 35 ಎಂದು ಬರೆಯುತ್ತಾರೆ.

ಅಂತರಜಾಲದಲ್ಲಿ ಸಿಗುವ ಅಭ್ಯಾಸ ಹಾಳೆಗಳಲ್ಲಿ ಹಲವು ಇಂಗ್ಲಿಷಿನಿಂದ ಎತ್ತಿ ಕೂರಿಸಿದಂಥವು, ನಮ್ಮ ಮಕ್ಕಳು ಕಂಡೇ ಇರದ ಹಣ್ಣುಗಳ ಲೆಕ್ಕ. ಅಂಗಡಿಯಲ್ಲಿ ಸಿಗುವ ವ್ಯಾಕರಣ ಪುಸ್ತಕಗಳೋ "ನಾಮಪದ ಎಂದರೇನು?" ಎಂಬ ವ್ಯಾಖ್ಯೆಯಿಂದಲೇ ಶುರುವಾಗುತ್ತವೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಮುಖ್ಯಾಧ್ಯಾಪಕ, ಧಾರವಾಡ

ಅಕ್ಕೋರೇ, ನಮಸ್ಕಾರ. ಆ ಆಕಳಿನ ವಾಕ್ಯವನ್ನು ದಯವಿಟ್ಟು ಕೆಂಪು ಶಾಯಿಯಿಂದ ಹೊಡೆಯಬೇಡಿ, ನಿಮಗೆ ಬೇಕಾದ ಮೊದಲ ಸಾಮಗ್ರಿ ಅದೇ. ಅದರಲ್ಲಿ ಕರ್ತೃಪದವಿದೆ, ಸಂಖ್ಯೆಯಿದೆ, ಕ್ರಿಯಾಪದ ಸರಿಯಾಗಿ ಬಹುವಚನದಲ್ಲಿಯೇ ಇದೆ, "ಎಲ್ಲಿ" ಎಂಬುದನ್ನು ಹೇಳುವ ಸಪ್ತಮಿ ವಿಭಕ್ತಿಯೂ ಇದೆ. ಪ್ರತ್ಯಯವೊಂದು ಪುಸ್ತಕದ "ಅಲ್ಲಿ" ಆಗುವ ಬದಲು ನಮ್ಮ ಕಡೆಯ "ಆಗ" ಆಗಿದೆ, ಅಷ್ಟೇ. ಅಂದರೆ ಆ ಮಗುವಿಗೆ ವ್ಯಾಕರಣ ಬರುತ್ತದೆ, ಅದರ ಹೆಸರು ಇನ್ನೂ ಗೊತ್ತಿಲ್ಲ.

ನಾನು ಕರಿಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ "ಮಾತು", ಬಲಕ್ಕೆ "ಬರಹ" ಎಂದು ಬರೆಯುತ್ತಿದ್ದೆ. ಮಕ್ಕಳು ಹೇಳಿದಂತೆ ಎಡಕ್ಕೆ ಮನ್ಯಾಗ, ಹೊಲದಾಗ, ಚೀಲದಾಗ ಎಂದು ಬರೆದು, ಬಲಕ್ಕೆ ಮನೆಯಲ್ಲಿ, ಹೊಲದಲ್ಲಿ ಎಂದು ಎರಡನ್ನು ನಾನೇ ತುಂಬಿಸಿದರೆ, ಮೂರನೆಯದನ್ನು ತರಗತಿಯೇ ಕೂಗಿ ಹೇಳುತ್ತಿತ್ತು. ಅದಾದ ಮೇಲೆ ನನಗ–ನನಗೆ, ಬಂದೈತಿ–ಬಂದಿದೆ. "ವಿಭಕ್ತಿ ಪ್ರತ್ಯಯ" ಎಂಬ ಮಾತನ್ನು ನಾನು ಎತ್ತುತ್ತಿದ್ದುದು ಇಂಥ ಐವತ್ತು ಜೋಡಿಗಳಾದರೂ ಮಕ್ಕಳ ಬಾಯಲ್ಲಿ ಓಡಾಡಿದ ಮೇಲೆ.

ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ನಮ್ಮ ಮನಿ, ಮಳಿ, ಎಲಿ, ತಲಿಗಳು ಬರಹದಲ್ಲಿ ಮನೆ, ಮಳೆ, ಎಲೆ, ತಲೆ ಆಗುತ್ತವೆ ಎಂದು ಕಲಿಸಿದ ವಾರದಲ್ಲಿಯೇ ಜಾಣ ಮಕ್ಕಳು ಇಲಿಯನ್ನು "ಇಲೆ" ಎಂದೂ ಗಿಳಿಯನ್ನು "ಗಿಳೆ" ಎಂದೂ ಬರೆದು ತರುತ್ತಾರೆ. ನಿಯಮವನ್ನು ಹಿಡಿದ ಮಗುವೇ ಈ ತಪ್ಪು ಮಾಡುವುದರಿಂದ ಬೈಯದೆ, ಬದಲಾಗದ ಪದಗಳಿಗೆ ಗೋಡೆಯ ಮೇಲೆ ಬೇರೊಂದು ಪಟ್ಟಿ ಹಚ್ಚಿರಿ.

ಉಕ್ತಲೇಖನಕ್ಕೆ ಇಪ್ಪತ್ತು ಬಿಡಿ ಪದಗಳಿಗಿಂತ ಐದು ಜೋಡಿಗಳು ಸಾಕು: ಬಲ–ಬಾಲ, ಮರ–ಮಾರ, ಹಳಿ–ಹಳ್ಳಿ, ಬಳಿ–ಬಳ್ಳಿ, ಕತೆ–ಕತ್ತೆ. "ಅಜ್ಜಿ ಕತ್ತೆ ಹೇಳಿದಳು" ಎಂದು ಒಬ್ಬ ಬರೆದು, ಇಡೀ ತರಗತಿ ನಕ್ಕ ದಿನದಿಂದ ಒತ್ತಕ್ಷರದ ಬಗ್ಗೆ ನಾನು ಪಾಠ ಮಾಡಬೇಕಾಗಲಿಲ್ಲ.

ಸಮೂಹ ಸಂಪನ್ಮೂಲ ವ್ಯಕ್ತಿ, ಗದಗ ಜಿಲ್ಲೆ

ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗುವುದು ನನ್ನ ಕೆಲಸ. ಗುರುಗಳ ಎರಡು ಸಾಲಿನ ಪಟ್ಟಿಯನ್ನು ನಾನೂ ಬಳಸಿದ್ದೇನೆ, ಆದರೆ ಒಂದು ತಕರಾರು ಇದೆ. ನಮ್ಮ ಭಾಗದ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ, ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ, ಎಡಗಡೆಯ "ಮಾತು" ಕೂಡ ಮನೆಯ ಮಾತಲ್ಲ. ಅವರು ಎರಡನ್ನೂ ಹೊಸದಾಗಿ ಕಲಿಯಬೇಕು. ಅಂಥವರಿಂದ ಮೊದಲು ಅವರ ಭಾಷೆಯಲ್ಲಿಯೇ ಹೇಳಿಸಿ, ಪಕ್ಕದ ಗೆಳೆಯ ಅದನ್ನು ಕನ್ನಡದಲ್ಲಿ ಹೇಳಿದ ನಂತರ ಬರೆಯಲು ಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಪಟ್ಟಿಯೂ ಇನ್ನೊಂದು ನಕಲು ಬರಹವಾಗಿ ಮುಗಿಯುತ್ತದೆ. ಓದಿಸಲು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಹಂತಗಳ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಪಾಠಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ, ಸರಕಾರದ ಕಲಿಕಾ ಜಾಲತಾಣವಾದ ದೀಕ್ಷಾದ ವಿಡಿಯೋಗಳನ್ನು, ಊರಲ್ಲಿ ನೆಟ್‌ವರ್ಕ್ ಸಿಗದಿದ್ದರೆ, ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಳ್ಳಿರಿ.

ಗಣಿತಕ್ಕೆ ಬರೋಣ. 35 ಎಂದು ಬರೆದ ಮಗು 7ರಿಂದ 2ನ್ನು ಕಳೆದಿದೆ, ಏಕೆಂದರೆ "ದೊಡ್ಡದರಿಂದ ಸಣ್ಣದನ್ನು ಕಳೆ" ಎಂದು ನಾವೇ ಕಲಿಸಿರುತ್ತೇವೆ. ತೊಗರಿ ಕಡ್ಡಿಗಳನ್ನು ಹತ್ತು ಹತ್ತಾಗಿ ರಬ್ಬರ್ ಬ್ಯಾಂಡಿನಿಂದ ಕಟ್ಟಿಸಿರಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 27 ಕೇಳಿದರೆ, ಒಂದು ಕಟ್ಟನ್ನು ಬಿಚ್ಚದೆ ಗತಿಯಿಲ್ಲ ಎಂಬುದು ಕೈಗೇ ತಿಳಿಯುತ್ತದೆ. ಹಲಗೆಯ ಮೇಲೆ 5ನ್ನು ಹೊಡೆದು 4 ಬರೆಯುವುದು ಇದಾದ ಮೇಲಿನ ಮಾತು. ಶಾಲೆಯ ಬೀರುವಿನಲ್ಲಿ ಗಣಿತ ಕಿಟ್ಟಿನ ಪೆಟ್ಟಿಗೆ ಇದ್ದೀತು, ಹುಡುಕಿರಿ. ಮಣಿ ಕಳೆದರೆ ದಾಸ್ತಾನು ವಹಿಗೆ ಯಾರು ಉತ್ತರ ಕೊಡಬೇಕೆಂಬ ಹೆದರಿಕೆಯಿಂದ ಪ್ಲಾಸ್ಟಿಕ್ ಕವರನ್ನೇ ತೆಗೆಯದ ಪೆಟ್ಟಿಗೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಿರಾಣಿ ಅಂಗಡಿಯವರ ರೀತಿಯನ್ನೂ ಕಲಿಸಿರಿ: 27ರಿಂದ 30ಕ್ಕೆ 3, 30ರಿಂದ 50ಕ್ಕೆ 20, ಮೇಲೆ 2, ಒಟ್ಟು 25.

ತಾಯಿ, ಹುಬ್ಬಳ್ಳಿ

ನಾನು ಶಿಕ್ಷಕಿಯಲ್ಲ, ಮಗಳನ್ನು ಮನೆಯಲ್ಲಿ ಓದಿಸುವವಳು. ಅವಳು "ನೂರಾ ಇಪ್ಪತ್ತೈದು" ಎಂಬುದನ್ನು ಕೇಳಿದಂತೆಯೇ 100, 25 ಎಂದು ಜೋಡಿಸಿ 10025 ಎಂದು ಬರೆಯುತ್ತಿದ್ದಳು. ಹಳೆಯ ಲಗ್ನಪತ್ರಿಕೆಗಳ ರಟ್ಟಿನಿಂದ ಉದ್ದದ 100, ಅದಕ್ಕಿಂತ ಗಿಡ್ಡ 20, ಚಿಕ್ಕ 5 ಎಂದು ಚೀಟಿಗಳನ್ನು ಕತ್ತರಿಸಿ, ಬಲತುದಿ ಸರಿಯಾಗಿ ಕೂಡುವಂತೆ ಒಂದರ ಮೇಲೊಂದು ಇಡಿಸಿದಾಗ ಸೊನ್ನೆಗಳು ಮುಚ್ಚಿ 125 ಕಾಣಿಸಿತು. ಎರಡು ದಿನಗಳಲ್ಲಿ ತಪ್ಪು ನಿಂತಿತು.

ಭಿನ್ನರಾಶಿಗೆ ಸಂತೆಯೇ ಸಾಕು. ಪಾವ ಕಿಲೋ, ದೀಡ ಕಿಲೋ, ಸವ್ವಾ ನೂರು (125), ಅಡೀಚ ಸಾವಿರ (2500) ಎಂಬ ಮಾತುಗಳನ್ನು ನಮ್ಮತ್ತೆಯವರು ದಿನವೂ ಆಡುತ್ತಾರೆ. 1956ರವರೆಗೆ ನಾವು ಮುಂಬಯಿಯ ಆಡಳಿತದಲ್ಲಿದ್ದುದರ ಮರಾಠಿ ಬಳುವಳಿ ಅದು. ಪಾವ ಅಂದರೆ 250 ಗ್ರಾಂ, ಕಿಲೋದ ಕಾಲುಭಾಗ, ದೀಡ ಅಂದರೆ ಒಂದೂವರೆ ಎಂದು ಮಗಳು ಬದನೆಕಾಯಿ ತೂಗಿಸುತ್ತಲೇ ಕಲಿತಳು.

ಶಿಕ್ಷಕಿ, ಹಾನಗಲ್ಲ ತಾಲೂಕು

ಗುರುಗಳಿಗೆ, ಸರ್ ಅವರಿಗೆ, ಹುಬ್ಬಳ್ಳಿಯ ಅಕ್ಕನವರಿಗೆ ಧನ್ಯವಾದಗಳು. ಈ ವಾರ ಕಡ್ಡಿಯ ಕಟ್ಟುಗಳನ್ನು ಮಾಡಿಸಿದೆ. ಒಬ್ಬ ಹುಡುಗ ತಾನು ಕಟ್ಟಿದ ಕಟ್ಟನ್ನು ಬಿಚ್ಚಲು ಒಪ್ಪಲೇ ಇಲ್ಲ; "ಅಕ್ಕೋರ, ಚಿಲ್ಲರ ಮಾಡಿಸಿಕೊಂಡ ಬರ್ತೀನ್ರಿ" ಎಂದು ಪಕ್ಕದವನಿಗೆ ಅದನ್ನು ಕೊಟ್ಟು ಹತ್ತು ಬಿಡಿ ಕಡ್ಡಿ ತಂದ. ಅಂದಿನಿಂದ ನಮ್ಮ ತರಗತಿಯಲ್ಲಿ ಆ ಕೆಲಸಕ್ಕೆ "ಚಿಲ್ಲರೆ ಮಾಡುವುದು" ಎಂದೇ ಹೆಸರು. 500ರಿಂದ 236 ಕಳೆಯುವಾಗ, ಹೀಗೆ ಕೊನೆಗೆ ಎರಡು ಸೊನ್ನೆ ಬಂದರೆ ಮಾತ್ರ ಇನ್ನೂ ತಬ್ಬಿಬ್ಬಾಗುತ್ತಾರೆ.

ಸಮೂಹ ಸಂಪನ್ಮೂಲ ವ್ಯಕ್ತಿ, ಗದಗ ಜಿಲ್ಲೆ

ಆ ಹುಡುಗನಿಗೇ ಆಟದ ನೋಟು ಕೊಡಿರಿ. ನೂರರ ಐದು ನೋಟುಗಳಲ್ಲಿ ಒಂದನ್ನು ಹತ್ತರ ಹತ್ತು ನೋಟುಗಳಾಗಿ, ಅವುಗಳಲ್ಲಿ ಒಂದನ್ನು ಒಂದರ ಹತ್ತು ನಾಣ್ಯಗಳಾಗಿ ಚಿಲ್ಲರೆ ಮಾಡಿಸಿದರೆ ಕೈಯಲ್ಲಿ 4 ನೂರು, 9 ಹತ್ತು, 10 ಬಿಡಿ ಉಳಿಯುತ್ತವೆ. ಇದು ಪಕ್ಕಾ ಆದ ಮೇಲೆ, ಎರಡೂ ಕಡೆ ಒಂದೊಂದು ತೆಗೆದು 499ರಿಂದ 235 ಕಳೆದರೂ ಅದೇ 264 ಬರುತ್ತದೆ ಎಂಬುದನ್ನು ತೋರಿಸಿರಿ. ಅಲ್ಲಿ ಚಿಲ್ಲರೆಯೇ ಬೇಕಾಗುವುದಿಲ್ಲ.