ಸೋಲಾರ್ ಜೊತೆ ಬ್ಯಾಟರಿ ಹಾಕಿಸಿದರೆ ದುಡ್ಡು ಉಳಿಯುತ್ತಾ?

ಶಿಡ್ಲಘಟ್ಟದಿಂದ ಪ್ರಶ್ನೆ:
ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸುತ್ತಿದ್ದೇವೆ. ಸೂರ್ಯ ಘರ್ ಸಬ್ಸಿಡಿ 78,000 ಸಿಗುತ್ತದೆ. ಹಾಕುವವರು 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯನ್ನೂ ಸೇರಿಸಿ, 1,40,000 ಜಾಸ್ತಿ ಹೇಳುತ್ತಿದ್ದಾರೆ. ಐದಾರು ವರ್ಷದಲ್ಲಿ ಅಸಲು ವಾಪಸ್ ಅಂತಾರೆ. ನಿಜಾನಾ? ತಿಂಗಳಿಗೆ 290 ಯೂನಿಟ್ ಬಳಸುತ್ತೇವೆ, ಹಾಗಾಗಿ ಗೃಹಜ್ಯೋತಿ ಇಲ್ಲ. ಸಂಜೆ ಕರೆಂಟ್ ಹೋಗುತ್ತದೆ. ಅಮ್ಮನಿಗೆ ಆಕ್ಸಿಜನ್ ಮೆಷಿನ್ ಇದೆ, ಅದೇ ಚಿಂತೆ.

ಚಿಂತಾಮಣಿಯಿಂದ:
ಅಕ್ಕ, ದುಡ್ಡಿನ ಲೆಕ್ಕದಲ್ಲಿ ಬೇಡ. ಬ್ಯಾಟರಿಯಿಂದ ದಿನಾ 4 ಯೂನಿಟ್ ತೆಗೆದರೂ, ಯೂನಿಟ್‌ಗೆ 6 ರೂಪಾಯಿಯಂತೆ 24 ರೂಪಾಯಿ. ವರ್ಷಕ್ಕೆ 8,760. ಅಸಲು ಬರೋಕೇ 16 ವರ್ಷ ಬೇಕು. ಅದೂ ನೆಟ್ ಮೀಟರ್ ಇಲ್ಲದಿದ್ದರೆ! ನೆಟ್ ಮೀಟರ್ ಇದ್ದರೆ ಹಗಲು ಮಿಕ್ಕಿದ್ದು ಬೆಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ಬಳಸಿದ್ದರಲ್ಲಿ ಅದನ್ನು ಕಳೆಯುತ್ತಾರೆ, ಹಾಗಾಗಿ ಬ್ಯಾಟರಿಯಿಂದ ಬಿಲ್ಲಿನಲ್ಲಿ ಹೆಚ್ಚೇನೂ ಉಳಿಯಲ್ಲ. 3 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ. ನಿಮ್ಮ ಬಳಕೆಗೆ ಅಷ್ಟು ಸಾಕು. ಫಿಕ್ಸೆಡ್ ಚಾರ್ಜ್ ಮಾತ್ರ ಉಳಿಯುತ್ತದೆ. ಸಬ್ಸಿಡಿ ಪ್ಯಾನೆಲ್ ಲೆಕ್ಕದ ಮೇಲೆ ಬರುವುದು, ಬ್ಯಾಟರಿಗೆ ಬೇರೆ ಕೊಡಲ್ಲ.

ಗೌರಿಬಿದನೂರಿನಿಂದ:
ಒಂದು ವಿಷಯ ಬಿಟ್ಟಿರಿ ಸರ್. ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದ ಕೂಡಲೇ ಆಫ್ ಆಗುತ್ತದೆ, ಬಿಸಿಲು ಎಷ್ಟಿದ್ದರೂ. ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಮನೆಯಿಂದ ಕರೆಂಟ್ ಹರಿಯಬಾರದಲ್ವಾ, ಅದಕ್ಕೆ.

ಚಿಂತಾಮಣಿಯಿಂದ:
ಹೌದು, ಅದು ಮುಖ್ಯ. ಹಾಗಾಗಿ ಅಕ್ಕ, ಬ್ಯಾಟರಿಯನ್ನು ಅಮ್ಮನಿಗಾಗಿ ಅಂತ ತಗೊಳ್ಳಿ, ಬಿಲ್ಲಿಗಾಗಿ ಅಲ್ಲ. ಮೆಷಿನ್ ಹಿಂದಿನ ಚೀಟಿಯಲ್ಲಿ ವ್ಯಾಟ್ ನೋಡಿ. ನೀರು ಹಾಕುವ ಹಳೇ ಥರದ ಟ್ಯೂಬುಲರ್ ಬ್ಯಾಟರಿ ಸಾಕು ಅಂದುಕೊಳ್ಳಬೇಡಿ. ನಮ್ಮದು 150 ಎ.ಎಚ್. ಎರಡಿತ್ತು. ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಬೇಸಿಗೆಯಲ್ಲಿ ಮುಚ್ಚಳ ತೆಗೆದು ನೋಡಿದಾಗ ನೀರು ಆರಿ ಪ್ಲೇಟ್ ಬಯಲಾಗಿತ್ತು, ಟರ್ಮಿನಲ್ ಮೇಲೆ ಉಪ್ಪಿನ ಹಾಗೆ ಬಿಳಿ ಹೊಟ್ಟು. ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಮಾರಿದವರು ಹೇಳಲೇ ಇಲ್ಲ. ಮೂರೂವರೆ ವರ್ಷಕ್ಕೆ ಎರಡೂ ಹೋದವು.

ಶಿಡ್ಲಘಟ್ಟದಿಂದ:
350 ವ್ಯಾಟ್ ಅಂತಿದೆ. ಕರೆಂಟ್ ಹೋದರೆ ಎರಡು, ಹೆಚ್ಚೆಂದರೆ ಮೂರು ಗಂಟೆ.

ಚಿಂತಾಮಣಿಯಿಂದ:
ಮೂರು ಗಂಟೆಗೆ ಒಂದು ಯೂನಿಟ್ ಚಿಲ್ಲರೆ. 2 ಯೂನಿಟ್‌ನ ಲಿಥಿಯಂ, ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಲೈನಿನ ಕರೆಂಟ್ ಥರವೇ ಕೊಡುವಂಥದ್ದು) ಸಾಕು, ಮೆಷಿನ್ ಮತ್ತು ಒಂದು ಲೈಟ್ ಮಾತ್ರ ಆ ಲೈನಿಗೆ ಕೊಡಿ. ಫ್ರಿಡ್ಜ್ ಸೇರಿಸಬೇಡಿ. ಡಾಕ್ಟರನ್ನು ಕೇಳಿ ಒಂದು ತುಂಬಿದ ಆಕ್ಸಿಜನ್ ಸಿಲಿಂಡರ್ ಕೂಡ ಅಮ್ಮನ ಮಂಚದ ಪಕ್ಕದಲ್ಲೇ ಇಟ್ಟಿರಿ.