ಬಲ ಲೇನಿನಲ್ಲಿ ಮಿತಿಯ ವೇಗದಲ್ಲೇ ಹೋಗುತ್ತಿದ್ದರೆ ಹಿಂದಿನವರಿಗೆ ಯಾಕೆ ಸೈಡ್ ಕೊಡಬೇಕು?

ನಿಧಾನಿ:

ಜಗಳ ಬೇಡ, ಉತ್ತರ ಬೇಕು. ಒಂದೇ ದಿಕ್ಕಿಗೆ ಮೂರು ಲೇನ್ ಇರುವ ಹೆದ್ದಾರಿ ಅಂದುಕೊಳ್ಳಿ. ವೇಗದ ಮಿತಿ 100. ನಾನು ಬಲತುದಿಯ ಲೇನಿನಲ್ಲಿ, ಮೀಟರಿನ ಮುಳ್ಳು 100ರ ಮೇಲೆ ನಿಲ್ಲುವ ಹಾಗೆ ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಹೋಗುತ್ತೇನೆ. ಹಿಂದಿನಿಂದ ಯಾರೋ ಬರುತ್ತಾರೆ, ಡಿಪ್ಪರ್ ಹೊಡೆಯುತ್ತಾರೆ, ಹಾರ್ನ್ ಒತ್ತುತ್ತಾರೆ. ನಾನು ಜಾಗ ಬಿಡಲ್ಲ.

ನನ್ನ ವಾದ ಸರಳ. 100ಕ್ಕಿಂತ ಜಾಸ್ತಿ ಹೋಗುವ ಹಕ್ಕು ಯಾರಿಗೂ ಇಲ್ಲ. ಹಾಗಿದ್ದಮೇಲೆ ನನ್ನನ್ನು ದಾಟಬೇಕು ಅನ್ನುವವನು ಕಾನೂನು ಮುರಿಯಲು ಹೊರಟವನು. ಅವನಿಗೆ ನಾನ್ಯಾಕೆ ದಾರಿ ಮಾಡಿಕೊಡಲಿ? ಇನ್ನು ಎಡಕ್ಕೆ ಬಂದರೆ ಲಾರಿಗಳ ಸಾಲು, ಪಕ್ಕದ ರಸ್ತೆಯಿಂದ ಒಳಗೆ ಸೇರುವವರು, ಕೆಟ್ಟು ನಿಂತ ಗಾಡಿಗಳು. ಪದೇಪದೇ ಲೇನ್ ಬದಲಿಸುವುದೇ ಜಾಸ್ತಿ ಅಪಾಯ ಅಲ್ವಾ? ಡಿವೈಡರ್ ಪಕ್ಕ ನೆಮ್ಮದಿ. ನಮ್ಮ ಭಾವ ಮಾತ್ರ ಪಕ್ಕದ ಸೀಟಿನಲ್ಲಿ ಕೂತು "ಸೈಡ್ ಕೊಡು ಮಾರಾಯ" ಅಂತ ಗೊಣಗುತ್ತಲೇ ಇರುತ್ತಾರೆ. "ಎಲ್ಲರೂ ಹಾಗೇ ಮಾಡ್ತಾರೆ" ಅನ್ನುವುದು ಬಿಟ್ಟು ಬೇರೆ ಕಾರಣ ಇದ್ದರೆ ಹೇಳಿ.

ಸುಮ್ನೆ_ಓದುವವ:

ನಿಮ್ಮ ಭಾವ ಹೇಳಿದ್ದೇ ಸರಿ. ಮುಂದಿನ ಪ್ರಶ್ನೆ?

ಹದಿನಾರು_ಚಕ್ರ:

ನಾನು ಹೆವಿ ಗಾಡಿಯವನು. ಮೊದಲು ಟ್ರೇಲರ್ ಓಡಿಸುತ್ತಿದ್ದೆ, ಈಗ ಹೊಸ ಹುಡುಗರಿಗೆ ಕಲಿಸುತ್ತೇನೆ. ಕ್ಯಾಬಿನ್ ಎತ್ತರದಲ್ಲಿ ಕೂತರೆ ನಿಮ್ಮಂಥವರ ಹಿಂದೆ ಏನಾಗುತ್ತದೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಎಡಕ್ಕೆ ಓಡಿಸುವ ದೇಶದ ಲೆಕ್ಕದಲ್ಲಿ ಹೇಳುತ್ತೇನೆ, ಬಲಕ್ಕೆ ಓಡಿಸುವ ಕಡೆ ಇರುವವರು ತಿರುಗಿಸಿ ಓದಿಕೊಳ್ಳಿ.

ಮೊದಲು ನಿಮ್ಮ ಮುಳ್ಳಿನ ವಿಷಯ. ಮೀಟರ್ 100 ತೋರಿಸಿದರೆ ಗಾಡಿ 100ರಲ್ಲಿ ಇದೆ ಅಂತ ಅರ್ಥ ಅಲ್ಲ. ಸ್ಪೀಡೋಮೀಟರ್‌ಗೆ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಅಂತ ಒಂದಿದೆ, ಬಹಳ ದೇಶಗಳು ಅದನ್ನೇ ಇಟ್ಟುಕೊಂಡಿವೆ. ಅದರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ತೋರಿಸಬಹುದು, ನಿಜ ವೇಗದ ಶೇ. 10 ಮತ್ತು ಅದರ ಮೇಲೆ ಇನ್ನೊಂದು 4 ಕಿ.ಮೀ. ತನಕ. ಅಂದರೆ ನಿಮ್ಮ 100 ನಿಜದಲ್ಲಿ 88 ಆಗಿದ್ದರೂ ಮೀಟರ್ ಕೆಟ್ಟಿಲ್ಲ. ಹಿಂದೆ ಬಂದವನು 97ರಲ್ಲಿ ನ್ಯಾಯವಾಗಿಯೇ ಬರುತ್ತಿರಬಹುದು. ನೀವು ತಡೆದಿರುವುದು ಕಾನೂನು ಮುರಿಯುವವನನ್ನೇ ಅಂತ ಹೇಗೆ ಹೇಳುತ್ತೀರಿ?

ಅವನು 130ರಲ್ಲಿ ಬಂದರೂ ನನ್ನ ಉತ್ತರ ಅದೇ. ಅವನ ವೇಗಕ್ಕೆ ಅವನಿಗೆ ದಂಡ ಬೀಳಲಿ. ಲೇನ್ ಹಿಡಿದಿರುವುದು ನಿಮ್ಮ ಲೆಕ್ಕ. ಎರಡೂ ಬೇರೆ ಬೇರೆ ಖಾತೆ.

ಈಗ ಅಸಲು ಕಾರಣ. ನೀವು ಬಲದಲ್ಲಿ ಕೂತರೆ ಹಿಂದಿನವನು ಸುಮ್ನೆ ಇರಲ್ಲ. ಎಡದಿಂದ ನುಗ್ಗುತ್ತಾನೆ. ನುಗ್ಗುವುದು ಎಲ್ಲಿಗೆ? ನನ್ನ ಲಾರಿಯ ಎಡಕ್ಕೆ ಸಿಕ್ಕ ಸಂದಿಗೆ. ನಾನು ಲಾರಿಯಲ್ಲಿ ಬಲಗಡೆ ಕೂತಿರುತ್ತೇನೆ. ಬಲದ ಕನ್ನಡಿ ಕೈಗೆಟಕುವಷ್ಟು ಹತ್ತಿರ. ಎಡಗಡೆ ಮಾತ್ರ ಕ್ಯಾಬಿನ್ ಪಕ್ಕದಲ್ಲೇ ಒಂದು ಕಾರು ಪೂರ್ತಿ ಮಾಯ ಆಗುವಷ್ಟು ಜಾಗ ನನಗೆ ಕಾಣುವುದಿಲ್ಲ. ನಾನು ಮಧ್ಯದ ಲೇನಿನಲ್ಲಿ ಇನ್ನೊಂದು ಲಾರಿ ದಾಟಿ ಎಡಕ್ಕೆ ವಾಪಸ್ ಬರಬೇಕು ಅಂತ ಇಂಡಿಕೇಟರ್ ಹಾಕಿದಾಗ, ನಿಮ್ಮಿಂದ ರೇಗಿದ ಆ ಕಾರು ಸರಿಯಾಗಿ ಅಲ್ಲೇ ಇರುತ್ತದೆ. ನೀವು ಅಷ್ಟೊತ್ತಿಗೆ ಮುಂದೆ ಹೋಗಿರುತ್ತೀರಿ. ಹಿಂದೆ ಏನಾಯಿತು ಅಂತ ನಿಮಗೆ ಗೊತ್ತೂ ಆಗಲ್ಲ.

ಬಲ ಲೇನನ್ನು "ಫಾಸ್ಟ್ ಲೇನ್" ಅಂತ ಕರೆದೇ ಹಾಳಾಯಿತು ಅನ್ನಿಸುತ್ತದೆ ನನಗೆ. ಅದು ದಾಟುವ ಲೇನ್. ದಾಟಿ ಆಯಿತಾ, ವಾಪಸ್. ನನ್ನ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಎಡಕ್ಕೆ ಬರುವ ತನಕ ಓವರ್‌ಟೇಕ್ ಮುಗಿದಿಲ್ಲ. ಅರ್ಧ ಓವರ್‌ಟೇಕ್ ಮಾಡಿ ಅಲ್ಲೇ ಸಂಸಾರ ಹೂಡುವವರೇ ಜಾಸ್ತಿ.

ಚಿಕ್ಕ_ಗಾಡಿ:

ಹದಿನಾರು ಚಕ್ರದವರು ಹೇಳಿದ್ದು ಒಪ್ಪುತ್ತೇನೆ. ಬ್ರಿಟನ್ನಿನ ಹೈವೇ ಕೋಡ್‌ನ 264ನೇ ನಿಯಮವೂ ಇದನ್ನೇ ಹೇಳುತ್ತದೆ, ಎಡ ಲೇನಿನಲ್ಲಿರಿ, ದಾಟಿದ ಮೇಲೆ ಎಡಕ್ಕೆ ವಾಪಸ್ ಬನ್ನಿ ಅಂತ. ಅಲ್ಲಿ ಮಧ್ಯದ ಲೇನಿಗೆ ಅಂಟಿಕೊಂಡವರಿಗೂ 2013ರಿಂದ ಪೊಲೀಸರು ಸ್ಥಳದಲ್ಲೇ ದಂಡದ ಚೀಟಿ ಕೊಡಬಹುದು, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕದ 3 ಪಾಯಿಂಟ್ ಸಮೇತ. ಬಲ ಲೇನ್ ಮಾತ್ರ ಅಲ್ಲ, ಖಾಲಿ ರಸ್ತೆಯಲ್ಲಿ ನಡುವೆ ಕೂತರೂ ತಪ್ಪೇ.

ಆದರೆ ಹಿಂದೆ ಬಂದು ಅಂಟಿಕೊಳ್ಳುವವರ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನದು ಸಣ್ಣ ಕಾರು, ಪಿಕಪ್ ಕಡಿಮೆ. ನಿಯತ್ತಾಗಿ ಲಾರಿ ದಾಟುತ್ತಿರುತ್ತೇನೆ. ಆಗಲೇ ದೊಡ್ಡ ಗಾಡಿಯೊಂದು ಬಂದು, ಒಳಗಿನ ಕನ್ನಡಿಯಲ್ಲಿ ಅದರ ನಂಬರ್ ಪ್ಲೇಟೂ ಕಾಣದಷ್ಟು ಹತ್ತಿರ ನಿಂತು ಹೈ ಬೀಮ್ ಹಾಕುತ್ತದೆ. ನಾನು ಎಲ್ಲಿಗೆ ಹೋಗಲಿ, ಲಾರಿಯ ಚಕ್ರದ ಕೆಳಗಾ? 100ರಲ್ಲಿ ಗಾಡಿ ಸೆಕೆಂಡಿಗೆ ಹತ್ತಿರಹತ್ತಿರ 28 ಮೀಟರ್ ಓಡುತ್ತದೆ. 10 ಮೀಟರ್ ಹಿಂದೆ ಇದ್ದರೆ ಅರ್ಧ ಸೆಕೆಂಡೂ ಇಲ್ಲ. ನಾನು ಬ್ರೇಕ್ ಒತ್ತಿದ್ದು ಅವನ ತಲೆಗೆ ಹೋಗುವ ಮೊದಲೇ ಅವನು ನನ್ನ ಡಿಕ್ಕಿಯೊಳಗೆ ಇರುತ್ತಾನೆ. ಎರಡು ಸೆಕೆಂಡ್ ಅಂತರ, ಅಂದರೆ ಈ ವೇಗದಲ್ಲಿ 55 ಮೀಟರ್, ಅದಕ್ಕಿಂತ ಹತ್ತಿರ ಬರಬಾರದು. ಮಳೆಯಲ್ಲಿ ಅದರ ಎರಡರಷ್ಟು.

ದೂರದಿಂದ ಒಂದು ಸಲ ಡಿಪ್ಪರ್ ಹೊಡೆದರೆ ಅದು "ಬರ್ತಾ ಇದ್ದೀನಿ". ಹತ್ತಿರ ಬಂದು ಹೊಡೆದರೆ ಬೆದರಿಕೆ. ಇಂಥವರಿಗೂ ಸೈಡ್ ಕೊಡಬೇಕಾ?

ಹದಿನಾರು_ಚಕ್ರ:

ಕೊಡಬೇಕು, ಆದರೆ ನಿಮ್ಮ ಟೈಮಿನಲ್ಲಿ. ಅವನು ಅವಸರ ಮಾಡಿದ ಅಂತ ಲಾರಿಯ ಮುಂದೆ ಕಟ್ ಹೊಡೆಯಬೇಡಿ. ಲೋಡ್ ಇರುವ ಲಾರಿ ನಿಮ್ಮ ಹಾಗೆ ನಿಲ್ಲುವುದಿಲ್ಲ. ಒಳಗಿನ ಕನ್ನಡಿಯಲ್ಲಿ ಲಾರಿಯ ಮುಖ ಪೂರ್ತಿ, ಎರಡೂ ಹೆಡ್‌ಲೈಟ್ ಸಮೇತ ಕಂಡಮೇಲೂ ಇನ್ನೊಂದಿಷ್ಟು ಮುಂದೆ ಹೋಗಿ, ಆಮೇಲೆ ಎಡಕ್ಕೆ ಬನ್ನಿ. ಪಕ್ಕದ ಕನ್ನಡಿಯನ್ನು ನಂಬಿ ದೂರ ಅಳೆಯಬೇಡಿ, ಅದು ಉಬ್ಬು ಗಾಜು, ಎಲ್ಲವನ್ನೂ ಚಿಕ್ಕದು ಮಾಡಿ ದೂರ ತೋರಿಸುತ್ತದೆ. ಹಿಂದೆ ಅಂಟಿಕೊಂಡವನಿಗೆ ಪಾಠ ಕಲಿಸಲು ಬ್ರೇಕ್ ತಟ್ಟುವ ಬುದ್ಧಿವಂತರೂ ಇದ್ದಾರೆ. ಅವರ ಬಗ್ಗೆ ಬರೆಯಲು ನನಗೆ ಸಭ್ಯ ಪದ ಸಿಗುತ್ತಿಲ್ಲ.

ಪಿಕಪ್ ಕಡಿಮೆ ಅಂದಿರಲ್ಲ, ಅದಕ್ಕೊಂದು ಲೆಕ್ಕ. ನಿಮ್ಮ ಹಿಂದಿನ ಅಂತರ, ಲಾರಿಯ ಉದ್ದ, ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿಸಿ 100 ಮೀಟರ್ ಅಂದುಕೊಳ್ಳಿ. ಲಾರಿ 80, ನೀವು 100 ಆದರೆ 18 ಸೆಕೆಂಡಿನಲ್ಲಿ ಮುಗಿಯುತ್ತದೆ, ಅರ್ಧ ಕಿ.ಮೀ. ರಸ್ತೆ ಸಾಕು. ನೀವು 90 ಆದರೆ 36 ಸೆಕೆಂಡ್, 900 ಮೀಟರ್. ಅಷ್ಟೂ ಹೊತ್ತು ಲಾರಿ ಪಕ್ಕದಲ್ಲೇ. ಅದಕ್ಕೇ ಹೊರಗೆ ಬರುವ ಮೊದಲು ವೇಗ ಸೇರಿಸಿಕೊಳ್ಳಿ, ಬಂದ ಮೇಲಲ್ಲ. ಒಂದು ಗೇರ್ ಇಳಿಸಿ, ಹಿಂದೆ ನೋಡಿ, ಹೊರಗೆ ಬನ್ನಿ.

ನಮ್ಮವರನ್ನೂ ಬಿಡಲ್ಲ. ಒಂದು ಲಾರಿ ಇನ್ನೊಂದು ಲಾರಿಯನ್ನು ಗಂಟೆಗೆ 3 ಕಿ.ಮೀ. ವ್ಯತ್ಯಾಸದಲ್ಲಿ ದಾಟಲು ಹೊರಟರೆ ಅದೇ 100 ಮೀಟರಿಗೆ ಪೂರಾ ಎರಡು ನಿಮಿಷ. 80ರ ವೇಗದಲ್ಲಿ ಎರಡೂವರೆ ಕಿ.ಮೀ.ಗೂ ಜಾಸ್ತಿ. ಹಿಂದೆ ಮೆರವಣಿಗೆ. ಇದರಲ್ಲಿ ಪಕ್ಕದ ಲಾರಿಯವನದೂ ತಪ್ಪಿದೆ, ಅವನು ಕಾಲು ಸ್ವಲ್ಪ ಎತ್ತಿದರೆ ಸಾಕು, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಎತ್ತಲ್ಲ. ಮರ್ಯಾದೆ ಪ್ರಶ್ನೆ.

ಗಣಿತದ_ಮೇಷ್ಟ್ರು:

ಲಾರಿ ಲಾರಿಯನ್ನು ಹಾಗೆ ನಿಧಾನಕ್ಕೆ ದಾಟುವುದಕ್ಕೆ ಜರ್ಮನಿಯಲ್ಲಿ "ಆನೆಗಳ ಓಟ" ಅಂತಾರೆ. ಗಣನೀಯವಾಗಿ ಜಾಸ್ತಿ ವೇಗ ಇದ್ದರೆ ಮಾತ್ರ ದಾಟಬೇಕು ಅಂತ ಅಲ್ಲಿನ ರಸ್ತೆ ನಿಯಮದಲ್ಲೇ ಬರೆದಿದೆ. ಯುರೋಪಿಯನ್ ಒಕ್ಕೂಟದಲ್ಲಿ ದೊಡ್ಡ ಲಾರಿಗಳಿಗೆ 90ಕ್ಕೆ ವೇಗ ಕಟ್ಟುವ ಯಂತ್ರ ಕಡ್ಡಾಯ. ಎಲ್ಲವೂ 90ರ ಆಸುಪಾಸಿನಲ್ಲೇ ಓಡುತ್ತವೆ, ಹಾಗಾಗಿ ವ್ಯತ್ಯಾಸ ಒಂದೋ ಎರಡೋ ಕಿ.ಮೀ. ಮಾತ್ರ.

ನಾನು ಇನ್ನೊಂದು ಕಾಯಿಲೆ ಬಗ್ಗೆ ಹೇಳಬೇಕು. ಪಕ್ಕದ ಲೇನ್ ಬೇಗ ಹೋಗುತ್ತಿದೆ ಅಂತ ಹಾವಿನ ಹಾಗೆ ಅತ್ತಿತ್ತ ನುಸುಳುವವರ ಕಾಯಿಲೆ. 1999ರಲ್ಲಿ ಡೊನಾಲ್ಡ್ ರೆಡಲ್ಮಯರ್ ಮತ್ತು ರಾಬರ್ಟ್ ಟಿಬ್ಶಿರಾನಿ ಅನ್ನುವ ಇಬ್ಬರು "ನೇಚರ್" ಪತ್ರಿಕೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ಎರಡೂ ಲೇನಿನ ಸರಾಸರಿ ವೇಗ ಒಂದೇ ಇದ್ದರೂ ಪಕ್ಕದ್ದೇ ವೇಗ ಅನ್ನಿಸುತ್ತದೆ. ಯಾಕೆ? ಪಕ್ಕದ ಲೇನ್ ನಿಧಾನ ಆದಾಗ ಅಲ್ಲಿ ಗಾಡಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಒಂದಷ್ಟನ್ನು ನೀವು ಚಕಚಕ ದಾಟಿಬಿಡುತ್ತೀರಿ. ಅದೇ ಲೇನ್ ಓಡಲು ಶುರು ಮಾಡಿದರೆ ಗಾಡಿಗಳು ದೂರದೂರ ಆಗುತ್ತವೆ, ಒಂದೊಂದೇ ನಿಮ್ಮನ್ನು ದಾಟಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಅಂದರೆ ದಾಟುವ ಹೊತ್ತು ಕಡಿಮೆ, ದಾಟಿಸಿಕೊಳ್ಳುವ ಹೊತ್ತು ಜಾಸ್ತಿ. ಮೇಲಾಗಿ ನೀವು ದಾಟಿದವರು ಹಿಂದೆ ಬಿದ್ದು ಕಣ್ಮರೆ ಆಗುತ್ತಾರೆ. ನಿಮ್ಮನ್ನು ದಾಟಿದವರು ಮುಂದೆ ಕಣ್ಣಿಗೆ ಕುಕ್ಕುತ್ತಲೇ ಇರುತ್ತಾರೆ.

ಸುಮ್ನೆ ನುಸುಳಿದರೆ ಹಿಂದಿನವನು ಬ್ರೇಕ್ ತಟ್ಟಬೇಕು, ಅವನ ಹಿಂದಿನವನು ಇನ್ನೂ ಜೋರಾಗಿ ಒತ್ತಬೇಕು. ಜಪಾನಿನಲ್ಲಿ ಯೂಕಿ ಸುಗಿಯಾಮ ಮತ್ತು ಸಂಗಡಿಗರು 22 ಕಾರುಗಳನ್ನು 230 ಮೀಟರ್ ಸುತ್ತಳತೆಯ ದುಂಡು ದಾರಿಯಲ್ಲಿ ಓಡಿಸಿ ನೋಡಿದರು, 2008ರಲ್ಲಿ ಪ್ರಕಟವಾಯಿತು. ಗುಂಡಿ ಇಲ್ಲ, ಸಿಗ್ನಲ್ ಇಲ್ಲ, ಅಪಘಾತ ಇಲ್ಲ. ಎಲ್ಲರಿಗೂ ಒಂದೇ ವೇಗದಲ್ಲಿ ಹೋಗಿ ಅಂತ ಹೇಳಿದ್ದರು. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ತಾನಾಗಿಯೇ ಹುಟ್ಟಿಕೊಂಡಿತು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಯಿತು. ಬರೀ ಸಣ್ಣ ಸಣ್ಣ ಬ್ರೇಕ್‌ಗಳಿಂದ. ಅಲ್ಲಿ ಇದ್ದದ್ದು ಒಂದೇ ಲೇನ್, ಕಟ್ ಹೊಡೆಯುವವರು ಒಬ್ಬರೂ ಇರಲಿಲ್ಲ!

ನಿಧಾನಿ:

ಮೀಟರ್ ವಿಷಯ ನನಗೆ ಹೊಸದು. ಜಿಪಿಎಸ್ ಜೊತೆ ಹೋಲಿಸಿ ನೋಡಿದೆ, ಮುಳ್ಳು 100ರಲ್ಲಿದ್ದಾಗ ಫೋನ್ 95 ತೋರಿಸಿತು. ಸರಿ, ಲೇನ್ ಬಿಡುತ್ತೇನೆ. ಆದರೆ ಹದಿನಾರು ಚಕ್ರದವರು ಎಡಕ್ಕೆ ವಾಪಸ್ ಅಂದರು, ಮೇಷ್ಟ್ರು ನುಸುಳಬೇಡಿ ಅಂದರು. ಎರಡೂ ಹೇಗೆ ಸಾಧ್ಯ? ನನ್ನ ಎಡಕ್ಕೆ ಸಾಲಾಗಿ ಲಾರಿಗಳು ಇದ್ದರೆ ಪ್ರತಿ ಲಾರಿ ದಾಟಿದ ಮೇಲೂ ಒಳಗೆ ಹೋಗಿ ಹೊರಗೆ ಬರಬೇಕಾ?

ಹದಿನಾರು_ಚಕ್ರ:

ಒಳ್ಳೆ ಪ್ರಶ್ನೆ, ಇದನ್ನು ಯಾರೂ ಕೇಳಲ್ಲ. ಸಂದಿ ನೋಡಿ ತೀರ್ಮಾನ ಮಾಡಿ. ನೀವು ಲಾರಿಗಿಂತ 20 ಕಿ.ಮೀ. ಜಾಸ್ತಿ ವೇಗದಲ್ಲಿ ಇದ್ದೀರಿ ಅನ್ನಿ. ಮುಂದಿನ ಲಾರಿ 80 ಮೀಟರ್ ದೂರ ಇದ್ದರೆ 14–15 ಸೆಕೆಂಡಿಗೆ ಅದರ ಬುಡಕ್ಕೆ ಬರುತ್ತೀರಿ. ಅಂಥ ಕಡೆ ಒಳಗೆ ಹೋಗಬೇಡಿ, ಎರಡನ್ನೂ ಒಟ್ಟಿಗೆ ದಾಟಿ. 300 ಮೀಟರ್ ಇದ್ದರೆ 50 ಸೆಕೆಂಡಿಗೂ ಜಾಸ್ತಿ ಸಮಯ ಇದೆ, ಆರಾಮಾಗಿ ಎಡಕ್ಕೆ ಬನ್ನಿ, ಹಿಂದಿನವರು ಹೋಗಲಿ. ನಡುವಿನ ದೂರಗಳಿಗೆ ಹಿಂದೆ ಯಾರು ಬರುತ್ತಿದ್ದಾರೆ ನೋಡಿಕೊಳ್ಳಿ. ಕನ್ನಡಿಯಲ್ಲಿ ಯಾರೂ ಇಲ್ಲದಿದ್ದರೆ ನಿಮ್ಮಿಷ್ಟ. ಯಾರಾದರೂ ಹತ್ತಿರ ಆಗುತ್ತಿದ್ದರೆ ಮೊದಲ ಒಳ್ಳೆ ಸಂದಿಗೇ ಸರಿಯಿರಿ. ಮೇಷ್ಟ್ರು ಬೈದಿದ್ದು ಸಂದಿ ಇಲ್ಲದ ಕಡೆ ಮೂತಿ ತೂರಿಸುವವರನ್ನು.

ಇನ್ನು ಎಡದಲ್ಲಿ ಒಳಗೆ ಸೇರುವವರ ಭಯ ಅಂದಿರಿ. ಸೇರುವ ಜಾಗ ದೂರದಿಂದಲೇ ಕಾಣುತ್ತದೆ. ಅಲ್ಲಿ ಮಾತ್ರ ಒಂದು ಲೇನ್ ಬಲಕ್ಕೆ ಸರಿದು ಜಾಗ ಕೊಡಿ, ದಾಟಿದ ಮೇಲೆ ವಾಪಸ್. ನಿಂತ ಗಾಡಿಯ ಭಯ ನಿಜವೇ, ಆದರೆ ಅದಕ್ಕೆ ಮದ್ದು ಮುಂದೆ ದೂರ ನೋಡುವುದು, ಬಲಕ್ಕೆ ಓಡುವುದಲ್ಲ.

ಚಿಕ್ಕ_ಗಾಡಿ:

ಒಂದು ಉಳಿಯಿತು. ಬಲದಲ್ಲಿ ಯಾರೋ ಕೂತಿದ್ದಾರೆ, ಬಿಡಲ್ಲ. ಎಡ ಲೇನ್ ಖಾಲಿ. ಎಡದಿಂದ ಹೋಗಬಹುದಾ, ಬಾರದಾ?

ಹದಿನಾರು_ಚಕ್ರ:

ಟ್ರಾಫಿಕ್ ಜಾಸ್ತಿ ಇದ್ದು ಎಲ್ಲ ಲೇನೂ ಸಾಲುಗಟ್ಟಿ ನಿಧಾನ ಹೋಗುವಾಗ ನಿಮ್ಮ ಎಡ ಸಾಲು ಸ್ವಲ್ಪ ಬೇಗ ಹೋದರೆ ಪರವಾಗಿಲ್ಲ, ಅದನ್ನು ಓವರ್‌ಟೇಕ್ ಅನ್ನಲ್ಲ. ಆದರೆ ಖಾಲಿ ರಸ್ತೆಯಲ್ಲಿ ಬೇಕಂತಲೇ ಎಡಕ್ಕೆ ಬಂದು ದಾಟಿ ಮತ್ತೆ ಬಲಕ್ಕೆ ಎಳೆಯುವುದು ಬೇಡ. ಆ ಮನುಷ್ಯನಿಗೆ ಇಷ್ಟು ಹೊತ್ತು ಬಾರದ ಬುದ್ಧಿ, ನೀವು ಅವನ ಎಡಕ್ಕೆ ಬಂದ ಕ್ಷಣದಲ್ಲೇ ಬರುತ್ತದೆ. ಇಂಡಿಕೇಟರ್ ಕೂಡ ಹಾಕದೆ ನಿಮ್ಮ ಮೇಲೇ ಬರುತ್ತಾನೆ. ಬಲದ ಇಂಡಿಕೇಟರ್ ಹಾಕಿ, ಎರಡು ಸೆಕೆಂಡ್ ಹಿಂದೆ ಇರಿ, ಒಂದು ಸಲ ಡಿಪ್ಪರ್ ಕೊಡಿ. ಬಿಡದಿದ್ದರೆ ನಾನಾದರೆ ಅವನ ಹಿಂದೆಯೇ ಹೋಗುತ್ತೇನೆ, ರೇಡಿಯೋ ಕೇಳಿಕೊಂಡು.