ಅಜ್ಜಿಯ ಸೆರಗಿಗೆ ‘ಕಮಟು’ ಸಲ್ಲುವುದೇ?

ತೀರಿಹೋದ ಅಜ್ಜಿಯನ್ನು ಕುರಿತು ನಾನು ಬರೆಯುತ್ತಿರುವ ಪದ್ಯದಲ್ಲಿ ‘ಸೆರಗಿನ ಕಮಟು’ ಎಂಬ ಪ್ರಯೋಗವೊಂದಿದೆ. ಅದನ್ನು ಓದಿದ ಹಿರಿಯ ಮಿತ್ರರೊಬ್ಬರು, ಕಮಟು ಎಂದರೆ ಕೆಟ್ಟ ವಾಸನೆಯೆಂದೂ ಅಕ್ಕರೆಯ ಮಾತಿನಲ್ಲಿ ಅದು ಬರಕೂಡದೆಂದೂ ಹೇಳಿ, ಆ ಜಾಗದಲ್ಲಿ ‘ಕಂಪು’ ಎಂದು ತಿದ್ದಿದ್ದಾರೆ. ಎರಡೂ ಮೂರು ಮಾತ್ರೆಯ ಪದಗಳೇ ಆದ್ದರಿಂದ ಛಂದಸ್ಸು ಕೆಡುವುದಿಲ್ಲ. ಆದರೆ ಅರ್ಥ ಉಳಿಯುವುದೇ ಎಂಬುದು ನನ್ನ ಸಂದೇಹ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ನಮ್ಮ ತುಮಕೂರಿನ ಕಡೆ ಎಣ್ಣೆ, ತುಪ್ಪ, ಕೊಬ್ಬರಿಗಳು ಹಳತಾಗಿ ಗಾಳಿಗೆ ಕೆಟ್ಟಾಗ ಬರುವ ವಾಸನೆಯನ್ನು ಕಮಟು ಎನ್ನುತ್ತೇವೆ. ಅಂಗಡಿಯವನ ಎದುರು ಹೇಳಿದರೆ ಅದು ಬೈಗುಳವೇ ಸರಿ. ಅಜ್ಜಿಯಾದರೋ ತುರುಬಿಗೆ ಹಚ್ಚಿದ ಹರಳೆಣ್ಣೆಯ ಕೈಯನ್ನು ಸೆರಗಿಗೇ ಒರೆಸಿಕೊಳ್ಳುತ್ತಿದ್ದಳು. ಎಲೆಗೆ ಸವರಿ ಬೆರಳಲ್ಲಿ ಉಳಿದ ಸುಣ್ಣವೂ, ಕಡ್ಡಿಪುಡಿಯ ಚೂರೂ, ಬಚ್ಚಲೊಲೆಯ ಹೊಗೆಯೂ ಅಲ್ಲಿಗೇ ಸೇರುತ್ತಿದ್ದವು. ಎಷ್ಟು ಸೀಗೆಪುಡಿ ಹಾಕಿ ಒಗೆದರೂ ಆ ನೂಲಿನ ಸೀರೆಯಿಂದ ಎಣ್ಣೆಯ ಜಿಡ್ಡು ಪೂರ್ತಿಯಾಗಿ ಬಿಡುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಅವಳು ಕೇದಗೆಯ ಗರಿ ಇಟ್ಟಿರುತ್ತಿದ್ದಳು. ಅದನ್ನು ಕಂಪು ಎಂದು ಕರೆಯಲು ನನ್ನ ಅಡ್ಡಿಯಿಲ್ಲ. ಆದರೆ ಆ ಸೀರೆ ಮದುವೆ ಮುಂಜಿಗಳದ್ದು, ಮೊಮ್ಮಕ್ಕಳು ಮುಖ ಹುದುಗಿಸಿ ಮಲಗಿದ್ದು ಈ ನೂಲಿನ ಸೀರೆಯಲ್ಲಿ.

ಬೇರೆ ಪದಗಳನ್ನೂ ನೋಡಿದ್ದೇನೆ. ‘ಮುಗ್ಗಲು’ ತೇವ ಹಿಡಿದ ಅಕ್ಕಿಗೆ, ‘ಘಾಟು’ ಒಗ್ಗರಣೆಯ ಮೆಣಸಿನಕಾಯಿಗೆ. ಎರಡೂ ಇಲ್ಲಿಗೆ ಒದಗುವುದಿಲ್ಲ. ಹತ್ತಿರ ಬರುವುದು ‘ಸೊಗಡು’. ಮಾಗಿಯ ದಿನಗಳಲ್ಲಿ ಅವರೆಕಾಯಿ ಕೊಳ್ಳುವವರು ಕಾಯನ್ನು ಬೆರಳಲ್ಲಿ ಉಜ್ಜಿ ಮೂಸಿ, ಸೊಗಡು ಇದೆಯೋ ಇಲ್ಲವೋ ಎಂದು ನೋಡಿಯೇ ಚೀಲಕ್ಕೆ ಹಾಕಿಸಿಕೊಳ್ಳುತ್ತಾರೆ. ಸಿಪ್ಪೆಯ ಮೇಲಿನ ಆ ಅಂಟು, ಕಾಯಿ ಬಿಡಿಸಿದ ಕೈಯಲ್ಲಿ ಸಂಜೆಯವರೆಗೂ ಉಳಿಯುತ್ತದೆ. ಅಜ್ಜಿ ನೆನೆಸಿದ ಕಾಳನ್ನು ಹಿತುಕುತ್ತಾ ಕುಳಿತು, ನಡುವೆ ನನ್ನ ಕೆನ್ನೆ ಹಿಂಡಿದಾಗ ಹತ್ತುತ್ತಿದ್ದ ಆ ವಾಸನೆಗೆ ಸೊಗಡಲ್ಲದೆ ಬೇರೆ ಹೆಸರಿಲ್ಲ, ಪದ್ಯದ ಇನ್ನೊಂದು ನುಡಿಯಲ್ಲಿ ಅದನ್ನು ಹಾಗೆಯೇ ಬಳಸಿದ್ದೇನೆ. ಸೆರಗಿಗೂ ಅದನ್ನೇ ಹೇಳಲು ಮನಸ್ಸು ಒಪ್ಪುತ್ತಿಲ್ಲ. ‘ಮಣ್ಣಿನ ಸೊಗಡು’, ‘ಗ್ರಾಮೀಣ ಸೊಗಡು’ ಎಂದು ಪುಸ್ತಕದ ಬೆನ್ನುಡಿಗಳಲ್ಲೂ ಸಿನಿಮಾ ಜಾಹೀರಾತುಗಳಲ್ಲೂ ಉಜ್ಜಿ ಉಜ್ಜಿ, ಆ ಪದದಲ್ಲಿ ಈಗ ಅವರೆಕಾಯಿಯನ್ನು ಬಿಟ್ಟರೆ ಬೇರಾವುದರ ವಾಸನೆಯೂ ಉಳಿದಂತಿಲ್ಲ.

ಗಂಧವಾಚಕಗಳು ಕಾಲಕ್ರಮದಲ್ಲಿ ಕೆಳಗಿಳಿಯುವುದು ಹೊಸದೇನಲ್ಲ. ಇಂದು ದುರ್ವಾಸನೆಗೇ ಮೀಸಲಾಗಿರುವ ‘ನಾತ’, ‘ನಾರು’ ಎಂಬವುಗಳ ನಂಟು ‘ನರುಗಂಪು’ ಎನ್ನುವಲ್ಲಿನ ‘ನರು’ವಿನೊಂದಿಗೆ ಇದೆ, ತಮಿಳಿನ ‘ನಾಟ್ರಂ’ ಕೂಡ ಹಳೆಯ ಕಾವ್ಯಗಳಲ್ಲಿ ಪರಿಮಳವಾಗಿದ್ದು ಈಗ ದುರ್ನಾತವಾಗಿದೆ. ‘ವಾಸನೆ’ಯೂ ಆಡುಮಾತಿನಲ್ಲಿ ಮೂಗು ಮುಚ್ಚಿಕೊಳ್ಳುವಂಥ ಪದವಾಗುತ್ತಿದೆ. ಆದರೂ ‘ಪೂರ್ವಜನ್ಮದ ವಾಸನೆ’ ಎನ್ನುವಾಗ ಅದು ಅನುಭವವು ಚಿತ್ತದಲ್ಲಿ ಬಿಟ್ಟುಹೋದ ಸಂಸ್ಕಾರ ಎಂಬ ಶಾಸ್ತ್ರದ ಅರ್ಥವನ್ನು ಉಳಿಸಿಕೊಂಡಿದೆ. ಮೂಗಿನದನ್ನೂ ನೆನಪಿನದನ್ನೂ ಒಟ್ಟಿಗೆ ಹೇಳುವ ಈ ಪದವನ್ನೇ ಇಡೋಣವೆಂದು ಒಮ್ಮೆ ಅನ್ನಿಸಿತ್ತು. ಆದರೆ ‘ಅಜ್ಜಿಯ ವಾಸನೆ’ ಎಂದೊಡನೆ ಓದುಗರು ಶಾಸ್ತ್ರವನ್ನು ನೆನೆಯುವರೆಂಬ ಭರವಸೆ ನನಗಿಲ್ಲ.

ಇನ್ನುಳಿದ ಇಂದ್ರಿಯಗಳ ವಿಷಯದಲ್ಲಿ ಮಿತ್ರರಿಗೆ ತಕರಾರಿಲ್ಲ. ಹಲ್ಲಿಲ್ಲದ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯ ಕುಟುಕುಟು ಸದ್ದನ್ನೂ, ಬೆನ್ನು ಉಜ್ಜುವಾಗ ತರಚುತ್ತಿದ್ದ ಜಡ್ಡುಗಟ್ಟಿದ ಅಂಗೈಯನ್ನೂ ಅವರು ಮೆಚ್ಚಿಯೇ ಬರೆದಿದ್ದಾರೆ. ಮುಟ್ಟುವ ವಿಷಯದಲ್ಲಿ ಒರಟನ್ನು ಒಪ್ಪುವ ನಮ್ಮ ಕಾವ್ಯರುಚಿ, ಮೂಸುವ ವಿಷಯ ಬಂದಾಗ ಮಾತ್ರ ಹೀಗೇಕೆ ಮಡಿ ಮಾಡುತ್ತದೆಯೋ ತಿಳಿಯದು.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಅಜ್ಜಿಯನ್ನು ಆಯಿ ಎನ್ನುವ ಉತ್ತರ ಕರ್ನಾಟಕದ ಕಡೆಯಲ್ಲೂ, ಅಮ್ಮಮ್ಮ ಎನ್ನುವ ಕರಾವಳಿಯಲ್ಲೂ ಕಮಟು ಎಂಬ ಪದ ಬಳಕೆಯಲ್ಲಿದೆಯೇ? ಇದ್ದರೆ, ಹಸುಗೂಸಿನ ನೆತ್ತಿಯನ್ನು ಮೂಸಿಯೋ ಹಿರಿಯರ ದಿಂಬಿನ ಬಗ್ಗೆಯೋ ಅದನ್ನು ಮೆಚ್ಚುಗೆಯಿಂದ ಆಡಿದ್ದನ್ನು ಯಾರಾದರೂ ಕೇಳಿದ್ದೀರಾ? ‘ಎಣ್ಣೆಗಮಟು’ ಎಂದು ಸಮಾಸ ಮಾಡಿದರೆ ಪದದ ಕಹಿ ತುಸು ಕಡಿಮೆಯಾಗುತ್ತದೆಂದು ನನ್ನ ಕಿವಿಗೆ ತೋರುತ್ತದೆ; ನಿಮಗೂ ಹಾಗೆ ಕೇಳಿಸುವುದೇ? ಎಲ್ಲಿಯೂ ಅಂಥ ಬಳಕೆ ಇಲ್ಲವೆಂದಾದರೂ ‘ಕಂಪು’ ಎಂಬ ತಿದ್ದುಪಡಿಯನ್ನು ನಾನು ಒಪ್ಪಲಾರೆ, ಆ ಸಾಲನ್ನೇ ಕೈಬಿಡುತ್ತೇನೆ.